ಮನಿಲಾದಿಂದ ಬಾಲಂಗಿಗಾ: ಮೂರು ಗಂಟೆಗಳ ಊರಿಗೆ ಆರು ದಿನದ ದಾರಿ

ಫಿಲಿಪೀನ್ಸ್‌ಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳುವುದು ಬೀಚ್ ಹೇಗಿತ್ತು ಅಂತ. ನಾನು ಹೋಗಿದ್ದು ಬೀಚಿಗಲ್ಲ. ಬ್ರಿಟಿಷರ ಕಥೆ ಕೇಳಿಕೊಂಡೇ ಬೆಳೆದವರು ನಾವು. ಆದರೆ ಅಮೆರಿಕ ಕೂಡ ಒಂದು ಕಾಲದಲ್ಲಿ ಸಮುದ್ರ ದಾಟಿ ಬಂದು ನಮ್ಮ ಏಷ್ಯಾದಲ್ಲೇ ಒಂದು ದೇಶವನ್ನು ಹಿಡಿದಿಟ್ಟುಕೊಂಡಿತ್ತು, ಅದಕ್ಕಾಗಿ ಮೂರು ವರ್ಷಕ್ಕೂ ಜಾಸ್ತಿ ಯುದ್ಧ ಮಾಡಿತು, ಹಾಗೆ ಹಿಡಿದುಕೊಳ್ಳುವುದು ಸರಿಯಾ ತಪ್ಪಾ ಅಂತ ಅವರವರೇ ಬಡಿದಾಡಿಕೊಂಡರು ಅನ್ನುವುದನ್ನು ಓದಿದಾಗಿನಿಂದ ಆ ಜಾಗಗಳನ್ನು ಕಣ್ಣಾರೆ ನೋಡಬೇಕು ಅನ್ನಿಸುತ್ತಿತ್ತು. ಅಕ್ಕನ ಮಗ ಅಲ್ಲಿನ ದಾವಾವ್ ನಗರದಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಅವನಿಗೆ ಫೆಬ್ರವರಿ ಮೊದಲ ವಾರ ರಜೆ ಸಿಕ್ಕಿತು. ನಮಗೀಗ 14 ದಿನದವರೆಗೆ ವೀಸಾ ಬೇಡ, ವಾಪಸ್ ಟಿಕೆಟ್ ಮಾತ್ರ ಕೈಲಿರಲೇಬೇಕು. ಹೊರಟೆ.

ಮೊದಲ ದಿನ, ಭಾನುವಾರ: ಮನಿಲಾ

ಬೆಳಿಗ್ಗೆ ಆರಕ್ಕೇ ಮನಿಲಾ ಕೊಲ್ಲಿಯ ದಂಡೆಗೆ ನಡೆದೆವು. ಎರಡು ಅಲ್ಯೂಮಿನಿಯಂ ಬಕೆಟ್‌ಗಳನ್ನು ಹೆಗಲ ಮೇಲಿನ ಕೋಲಿಗೆ ತೂಗುಹಾಕಿಕೊಂಡು ಒಬ್ಬರು 'ತಾಹೋ' ಅಂತ ಕೂಗುತ್ತಾ ಬಂದರು. ಬಿಸಿ ಸೋಯಾ ಗಿಣ್ಣಿನಂಥದ್ದು, ಮೇಲೆ ಕಂದು ಸಕ್ಕರೆಯ ಪಾಕ, ಸಬ್ಬಕ್ಕಿ. ಮಾಂಸ ತಿನ್ನದ ನನಗೆ ಆ ಆರು ದಿನ ಬೆಳಗಿನ ಹೊಟ್ಟೆ ತುಂಬಿಸಿದ್ದು ಹೆಚ್ಚಾಗಿ ಇದೇ. ದೊಡ್ಡ ನೋಟು ಕೊಟ್ಟರೆ ಅವರ ಹತ್ತಿರ ಚಿಲ್ಲರೆ ಇರುವುದಿಲ್ಲ, ಇಪ್ಪತ್ತರ ನೋಟುಗಳನ್ನು ಜೇಬಿನಲ್ಲಿ ಇಟ್ಟುಕೊಂಡಿರಬೇಕು.

ಎದುರಿಗೆ ಬೂದು ಬಣ್ಣದ ನೀರು. 1898ರ ಮೇ 1ರ ಬೆಳಿಗ್ಗೆ ಅಮೆರಿಕದ ನೌಕಾಪಡೆಯ ಡ್ಯೂಯಿ ಇದೇ ಕೊಲ್ಲಿಗೆ ನುಗ್ಗಿ ಸ್ಪೇನಿನ ಹಡಗುಗಳನ್ನು ಅರ್ಧ ದಿನದೊಳಗೆ ಮುಗಿಸಿಬಿಟ್ಟ. ಜಗಳ ಶುರುವಾಗಿದ್ದು ಕ್ಯೂಬಾದ ವಿಷಯಕ್ಕೆ, ಅದೂ ಭೂಮಿಯ ಆ ಕಡೆ. ಆದರೆ ಒಂದೇ ವರ್ಷದೊಳಗೆ ಹವಾಯಿ, ಗುವಾಮ್, ಪೋರ್ಟೊ ರಿಕೊ, ಫಿಲಿಪೀನ್ಸ್ ಎಲ್ಲವೂ ಅಮೆರಿಕದ ಕೈಗೆ ಬಂದಿದ್ದವು. ಚೀನಾದ ಮಾರುಕಟ್ಟೆಗೆ ದಾರಿ ಬೇಕಿತ್ತು, ಹಡಗುಗಳಿಗೆ ಕಲ್ಲಿದ್ದಲು ತುಂಬಿಸಿಕೊಳ್ಳಲು ಬಂದರುಗಳು ಬೇಕಿದ್ದವು.

ಬಿಸಿಲು ಏರುವ ಮೊದಲು ಇಂಟ್ರಾಮುರೋಸ್ ಸೇರಿದೆವು. ಸ್ಪೇನಿನವರು ಕಟ್ಟಿದ ಕೋಟೆಯೊಳಗಿನ ಊರು. ಸೈಕಲ್ ರಿಕ್ಷಾದವರು, ಕುದುರೆಗಾಡಿಯವರು ಹಿಂದೆ ಬೀಳುತ್ತಾರೆ. ಗಾಡಿ ಹತ್ತುವುದಾದರೆ ದರ ಗಂಟೆಗಾ, ತಲೆಗಾ ಅಂತ ಮೊದಲೇ ಬಿಡಿಸಿ ಕೇಳಿಕೊಳ್ಳಬೇಕು. ನಾವು ನಡೆದೇ ಸುತ್ತಿದೆವು. 1607ರ ಸ್ಯಾನ್ ಅಗಸ್ಟಿನ್ ಚರ್ಚಿನ ಒಳಗೆ ತಂಪಾಗಿತ್ತು. ಮನಿಲಾವನ್ನು ಅಮೆರಿಕಕ್ಕೆ ಒಪ್ಪಿಸುವ ಷರತ್ತುಗಳನ್ನು ಸ್ಪೇನಿನ ಗವರ್ನರ್ ಸಿದ್ಧ ಮಾಡಿದ್ದು ಈ ಚರ್ಚಿನ ಒಂದು ಕೋಣೆಯಲ್ಲಿ.

1898ರ ಆಗಸ್ಟ್ 13ರಂದು ನಡೆದದ್ದು ನಿಜವಾದ ಯುದ್ಧವೇ ಅಲ್ಲ. ಫಿಲಿಪಿನೋ ಹೋರಾಟಗಾರರು ತಿಂಗಳುಗಟ್ಟಲೆ ಈ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದರು. ಸ್ಪೇನಿನವರಿಗೆ ಅವರ ಕೈಗೆ ಸಿಗುವುದು ಬೇಡವಾಗಿತ್ತು. ಅಮೆರಿಕದವರ ಜೊತೆ ಒಳಗೊಳಗೇ ಮಾತಾಡಿಕೊಂಡು, ಒಂದಿಷ್ಟು ಗುಂಡು ಹಾರಿಸಿ, ಬಿಳಿ ಬಾವುಟ ತೋರಿಸಿದರು. ವಾಷಿಂಗ್ಟನ್‌ನಲ್ಲಿ ಹಿಂದಿನ ದಿನವೇ ಕದನವಿರಾಮಕ್ಕೆ ಸಹಿ ಬಿದ್ದಿತ್ತು. ಸಮುದ್ರದ ತಂತಿ ಕತ್ತರಿಸಿಹೋಗಿದ್ದರಿಂದ ಸುದ್ದಿ ಇಲ್ಲಿಗೆ ಮುಟ್ಟಿರಲಿಲ್ಲ. ಅಮೆರಿಕದ ಸೈನ್ಯ ಒಳಗೆ ಬಂತು. ಸ್ಪೇನಿನ ವಿರುದ್ಧ ರಕ್ತ ಸುರಿಸಿದ್ದ ಫಿಲಿಪಿನೋಗಳನ್ನು ಮಾತ್ರ ಬಾಗಿಲಲ್ಲೇ ತಡೆದರು. ಗೋಡೆಯ ಮೇಲಿನ ಹಾದಿಯಲ್ಲಿ ನಿಂತು ಹೊರಗೆ ನೋಡಿದೆ. ಆಗಿನ ಕಂದಕ ಈಗ ಗಾಲ್ಫ್ ಮೈದಾನ. ಈ ಹಸಿರಿನ ಆಚೆ ಎಲ್ಲೋ ಅವರು ನಿಂತು, ತಮ್ಮದೇ ಊರಿನ ಬಾಗಿಲು ತಮಗೇ ಮುಚ್ಚಿದ್ದನ್ನು ನೋಡಿದ್ದರು.

ಎರಡನೇ ದಿನ, ಸೋಮವಾರ: ಮುಚ್ಚಿದ ಗೇಟು, ಸಾಂತಾ ಮೇಸಾ

ಫಿಲಿಪೀನ್ಸ್‌ನ ಮೊದಲ ಅಧ್ಯಕ್ಷ ಎಮಿಲಿಯೊ ಅಗಿನಾಲ್ಡೊ ಅವರ ಮನೆ ನೋಡಲು ಕಾವಿತ್‌ಗೆ ಹೋದೆವು. ಮನಿಲಾದಿಂದ ದಕ್ಷಿಣಕ್ಕೆ, ಕಾವಿತೆ (Cavite) ಪ್ರಾಂತ್ಯದಲ್ಲಿ. ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕೂತು ಹೋದರೆ ಗೇಟಿಗೆ ಬೀಗ. ಸೋಮವಾರ ಸರ್ಕಾರಿ ಇತಿಹಾಸ ಮ್ಯೂಸಿಯಂಗಳಿಗೆ ರಜೆ. ನನಗಿದು ಮೊದಲೇ ಹೊಳೆಯಬೇಕಿತ್ತು. ನೀವು ಹೋಗುವುದಾದರೆ ಸೋಮವಾರ ಬಿಟ್ಟು ಹೋಗಿ. ಗೇಟಿನ ಪಕ್ಕದ ಅಂಗಡಿಯಾಕೆ ನಮ್ಮ ಮುಖ ನೋಡಿ ಎರಡು ಸ್ಟೂಲ್ ಹಾಕಿದರು, ಬಿಸಿ 'ಪುತೋ' ಕೊಟ್ಟರು. ಅಕ್ಕಿಹಿಟ್ಟಿನ, ಹಬೆಯಲ್ಲಿ ಬೇಯಿಸಿದ, ಸ್ವಲ್ಪ ಸಿಹಿಯ ಪುಟ್ಟ ಇಡ್ಲಿ ಅಂದುಕೊಳ್ಳಿ. "ಬುಂಬಾಯ್?" ಅಂತ ಕೇಳಿದರು. ಅಲ್ಲಿ ಭಾರತದವರನ್ನೆಲ್ಲ ಹಾಗೆ ಕರೆಯುತ್ತಾರೆ, ಊರು ಯಾವುದಾದರೂ ಸರಿ. "ನಾಳೆ ಬನ್ನಿ, ಮನೆ ಎಲ್ಲೂ ಓಡಿಹೋಗುವುದಿಲ್ಲ" ಅಂದರು.

ಮಧ್ಯಾಹ್ನ, ಯುದ್ಧ ಶುರುವಾದ ಜಾಗ ನೋಡಲು ಮನಿಲಾದ ಸಾಂತಾ ಮೇಸಾ ಕಡೆ ತಿರುಗಿದೆವು. ಜೀಪ್ನಿಯಲ್ಲಿ (ಉದ್ದನೆಯ ಜೀಪಿನಂಥ ಅಲ್ಲಿನ ಬಸ್ಸು) ತಪ್ಪು ಕಡೆ ಇಳಿದು ಅರ್ಧ ಗಂಟೆ ಅಲೆದಾಡಿದೆವು. (ಇಳಿಯಬೇಕಾದರೆ 'ಪಾರಾ ಪೋ' ಅಂತ ಗಟ್ಟಿಯಾಗಿ ಹೇಳಬೇಕು, ಮೆಲ್ಲಗೆ ಹೇಳಿದರೆ ಡ್ರೈವರಿಗೆ ಕೇಳುವುದಿಲ್ಲ.) ಇಕ್ಕಟ್ಟಾದ ಬೀದಿಗಳು, ತಲೆಯ ಮೇಲೆ ಒಣಗಿದ ಬಟ್ಟೆ, ಪ್ರತಿ ತಿರುವಿನಲ್ಲೂ ಒಂದು ಬಾಸ್ಕೆಟ್‌ಬಾಲ್ ಬಳೆ. ಸೊಸಿಯೆಗೊ ಬೀದಿ ಎಲ್ಲಿ ಅಂತ ಕೇಳಿದಾಗ ಒಬ್ಬ ಹುಡುಗ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮನ್ನು ಮೂಲೆವರೆಗೂ ಕರೆದುಕೊಂಡು ಹೋದ.

ಸೊಸಿಯೆಗೊ ಅಂದರೆ ಸ್ಪ್ಯಾನಿಷ್‌ನಲ್ಲಿ ನೆಮ್ಮದಿ. ಅದಕ್ಕೆ ಸೇರುವ ಇನ್ನೊಂದು ಬೀದಿ ಸಿಲೆನ್ಸಿಯೊ, ಅಂದರೆ ಮೌನ. ಆ ಮೂಲೆಯಲ್ಲೊಂದು ಫಲಕ. 1899ರ ಫೆಬ್ರವರಿ 4ರ ರಾತ್ರಿ ನೆಬ್ರಾಸ್ಕಾದಿಂದ ಬಂದಿದ್ದ ಗ್ರೇಸನ್ ಅನ್ನುವ ಸಿಪಾಯಿ ಕತ್ತಲಲ್ಲಿ ಎದುರು ಬರುತ್ತಿದ್ದ ಫಿಲಿಪಿನೋಗಳ ಮೇಲೆ ಇಲ್ಲಿಂದ ಗುಂಡು ಹಾರಿಸಿದ. ಯುದ್ಧ ಶುರುವಾಗಿದ್ದು ಆ ಗುಂಡಿನಿಂದ. ಪಕ್ಕದ ಸ್ಯಾನ್ ಹುವಾನ್ ಸೇತುವೆಯ ಮೇಲೆ ನಡೆದದ್ದು ಅಂತ ಬಹಳ ಕಾಲ ನಂಬಿದ್ದರು, ಆಮೇಲೆ 2003ರಲ್ಲಿ ಫಲಕವನ್ನು ಇಲ್ಲಿಗೆ ತಂದರು. ಹುಡುಗ ಫಲಕದ ಕೆಳಗೆ ಚೆಂಡು ಪುಟಿಸುತ್ತಾ ನಿಂತಿದ್ದ. "ಇಲ್ಲಿ ಏನಾಯಿತು ಗೊತ್ತಾ?" ಅಂತ ಕೇಳಿದೆ. "ಅಮೆರಿಕಾನೋ ಗುಂಡು ಹೊಡೆದ" ಅಂದ, ಅಷ್ಟೇ.

ಆ ರಾತ್ರಿಯ ಲೆಕ್ಕ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಸ್ಪೇನ್ ಈ ದ್ವೀಪಗಳನ್ನು 2 ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟ ಪ್ಯಾರಿಸ್ ಒಪ್ಪಂದಕ್ಕೆ 1898ರ ಡಿಸೆಂಬರ್ 10ರಂದೇ ಸಹಿ ಆಗಿತ್ತು. ಆದರೆ ಅಮೆರಿಕದ ಸೆನೆಟ್ ಇನ್ನೂ ಒಪ್ಪಿರಲಿಲ್ಲ. ವಾರಗಟ್ಟಲೆ ವಾದ ನಡೆದಿತ್ತು. ಮ್ಯಾಸಚೂಸೆಟ್ಸ್‌ನ ಸೆನೆಟರ್ ಹೋರ್ ಅಧ್ಯಕ್ಷ ಮೆಕಿನ್ಲಿಯ ಪಕ್ಷದವರೇ ಆಗಿದ್ದರೂ ವಿರುದ್ಧ ನಿಂತರು. ಜನರ ಒಪ್ಪಿಗೆ ಇಲ್ಲದೆ ಜನರನ್ನು ಆಳುವುದು ನಮ್ಮ ಸ್ವಾತಂತ್ರ್ಯ ಘೋಷಣೆಗೇ ವಿರುದ್ಧ ಅನ್ನುವುದು ಅವರ ಮಾತು. ಕೆಳಮನೆಯ ಸ್ಪೀಕರ್ ರೀಡ್, ತಲೆಗೆ ಎರಡು ಡಾಲರಿನಂತೆ ಜನರನ್ನು ಕೊಂಡುಕೊಂಡಿದ್ದೇವೆ ಅಂತ ಕೋಪದಿಂದ ಹೇಳಿದರು, ಅದೇ ವರ್ಷ ಹುದ್ದೆ ಬಿಟ್ಟು ಹೋದರು. ಫೆಬ್ರವರಿ 4ಕ್ಕೆ ಇಲ್ಲಿ ಗುಂಡು ಹಾರಿತು. ಫೆಬ್ರವರಿ 6ಕ್ಕೆ ಅಲ್ಲಿ ಮತ ಹಾಕಿದರು. 57 ಪರ, 27 ವಿರೋಧ. ಮೂರನೇ ಎರಡರಷ್ಟು ಬೇಕಿತ್ತು, ಅಂದರೆ 56. ಒಂದೇ ಒಂದು ಮತ ಜಾಸ್ತಿ ಬಿತ್ತು.

ಹತ್ತಿರದ ವಿಶ್ವವಿದ್ಯಾಲಯದ ಆವರಣದಲ್ಲಿ ಮಾಬಿನಿಯ ಮನೆ ಇದೆ. ಅದೂ ಸೋಮವಾರ ಮುಚ್ಚಿರುತ್ತದೆ. ಅಪೊಲಿನಾರಿಯೊ ಮಾಬಿನಿ ಎರಡೂ ಕಾಲು ಸ್ವಾಧೀನ ತಪ್ಪಿದ್ದವರು, ಹೊಸ ಗಣರಾಜ್ಯದ ಮೊದಲ ಪ್ರಧಾನಿ. ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೇ ಹೋದಾಗ ನಡೆಯಲಾರದ ಆ ಮನುಷ್ಯನನ್ನು 1901ರಲ್ಲಿ ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು. 1903ರಲ್ಲಿ ವಾಪಸ್ ಬಂದ ಕೆಲವೇ ತಿಂಗಳಿಗೆ ಕಾಲರಾದಿಂದ ತೀರಿಕೊಂಡರು. ಗೋಡೆ ಆಚೆಯಿಂದಲೇ ಮನೆಯ ಸೂರು ನೋಡಿ ಬಂದೆವು.

ಮೂರನೇ ದಿನ, ಮಂಗಳವಾರ: ಮತ್ತೆ ಕಾವಿತ್

ಎಂಟಕ್ಕೇ ಹೋದೆವು, ಅಂಗಡಿಯಾಕೆ ದೂರದಿಂದಲೇ ಕೈ ಬೀಸಿದರು. ಒಳಗೆ ಹೋಗಲು ಟಿಕೆಟ್ ಇಲ್ಲ, ಪುಸ್ತಕದಲ್ಲಿ ಹೆಸರು ಬರೆದರೆ ಸಾಕು.

ಎಮಿಲಿಯೊ ಅಗಿನಾಲ್ಡೊ ಅವರ ಮರದ ಮನೆ ಇದು. 1898ರ ಜೂನ್ 12ರಂದು ಈ ಮನೆಯ ಕಿಟಕಿಯಲ್ಲಿ ಫಿಲಿಪೀನ್ಸ್‌ನ ಬಾವುಟ ಹಾರಿತು, ಸ್ವಾತಂತ್ರ್ಯದ ಘೋಷಣೆ ಓದಿದರು. ಫೋಟೋಗಳಲ್ಲಿ ಕಾಣುವ ದೊಡ್ಡ ಬಾಲ್ಕನಿಯನ್ನು ಆಮೇಲೆ ಕಟ್ಟಿಸಿದ್ದು. ನೆಲ ಹೊಳೆಯುತ್ತಿತ್ತು. ಬೀರುಗಳ ಹಿಂದೆ ಗುಪ್ತ ದಾರಿಗಳು. ಚಾವಣಿಯಲ್ಲಿ ಕೆತ್ತನೆ. ಕಾವಲಿನವರು ಮೊದಲು ಸುಮ್ಮನೆ ಇದ್ದರು, ನಾವು ಪ್ರತಿ ಫಲಕದ ಮುಂದೆ ನಿಲ್ಲುವುದನ್ನು ನೋಡಿ ತಾವೇ ಹತ್ತಿರ ಬಂದರು. ಆ ಘೋಷಣೆಯಲ್ಲಿ ಒಂದು ಸಾಲು ಇದೆ, ಗಮನಿಸಿದಿರಾ ಅಂತ ಕೇಳಿದರು. ಬಲಿಷ್ಠವೂ ಮಾನವೀಯವೂ ಆದ ಉತ್ತರ ಅಮೆರಿಕದ ರಕ್ಷಣೆಯಲ್ಲಿ ತಾವು ಸ್ವತಂತ್ರರಾಗುತ್ತಿದ್ದೇವೆ ಅನ್ನುವ ಸಾಲು. "ನಾವು ನಂಬಿದ್ದೆವು ನೋಡಿ" ಅಂದರು ಅವರು. ಸುಮಾರು 128 ವರ್ಷದ ಹಿಂದಿನ ಮಾತನ್ನು ನಿನ್ನೆ ಮೊನ್ನೆಯ ಹಾಗೆ ಹೇಳಿದ ಆ ದನಿ ಇನ್ನೂ ಕಿವಿಯಲ್ಲಿದೆ.

ಆ ಬಾವುಟ ಹೊಲಿದವರು ಮಾರ್ಸೆಲಾ ಅಗೊನ್ಸಿಯೊ, ಹಾಂಗ್‌ಕಾಂಗ್‌ನಲ್ಲಿ, ಮಗಳನ್ನೂ ಇನ್ನೊಬ್ಬ ಹೆಣ್ಣುಮಗಳನ್ನೂ ಜೊತೆಗೆ ಕೂರಿಸಿಕೊಂಡು. ಅವರ ಗಂಡ ಫೆಲಿಪೆ ಅಗೊನ್ಸಿಯೊ ವಕೀಲರು. ನನಗೆ ಈ ಇಡೀ ಕಥೆಯಲ್ಲಿ ಎಲ್ಲರಿಗಿಂತ ಕಾಡುವವರು ಅವರೇ. ಹೊಸ ದೇಶದ ಪ್ರತಿನಿಧಿಯಾಗಿ ಅಮೆರಿಕಕ್ಕೆ ಹೋದರು. ಅಧ್ಯಕ್ಷ ಮೆಕಿನ್ಲಿ ಅವರನ್ನು ಭೇಟಿ ಮಾಡಿದ್ದು ಖಾಸಗಿ ವ್ಯಕ್ತಿಯಾಗಿ, ದೇಶದ ಪ್ರತಿನಿಧಿ ಅಂತ ಒಪ್ಪಲಿಲ್ಲ. ಅಲ್ಲಿಂದ ಪ್ಯಾರಿಸ್‌ಗೆ ಹೋದರು. ತನ್ನ ದೇಶವನ್ನು ಯಾರಿಗೆ ಕೊಡಬೇಕು ಅಂತ ಮಾತಾಡುತ್ತಿದ್ದ ಕೋಣೆಯೊಳಗೆ ಅವರನ್ನು ಬಿಟ್ಟುಕೊಳ್ಳಲಿಲ್ಲ. ಮತ್ತೆ ವಾಷಿಂಗ್ಟನ್‌ಗೆ ಬಂದು ಪತ್ರದ ಮೇಲೆ ಪತ್ರ ಬರೆದರು. ಯುದ್ಧ ಶುರುವಾದಾಗ ಕೆನಡಾಕ್ಕೆ ತಪ್ಪಿಸಿಕೊಂಡು ಹೋಗಬೇಕಾಯಿತು.

ಹಿಂದಿನ ತೋಟದಲ್ಲಿ ಅಗಿನಾಲ್ಡೊ ಸಮಾಧಿ ಇದೆ. ಮರದ ನೆರಳಲ್ಲಿ ಕೂತು ಅಕ್ಕನ ಮಗ ಕೇಳಿದ: "ಅಮೆರಿಕದಲ್ಲೇ ಅಷ್ಟು ಜನ ವಿರೋಧ ಮಾಡಿದ್ದರಲ್ಲ, ಮತ್ತೆ ಯಾಕೆ ಸೋತರು?" ನಾನು ಓದಿ ತಿಳಿದಷ್ಟನ್ನು ಹೇಳಿದೆ. ಬಾಸ್ಟನ್‌ನಲ್ಲಿ 1898ರಲ್ಲೇ ಸಾಮ್ರಾಜ್ಯಶಾಹಿ ವಿರೋಧಿ ಸಂಘ ಹುಟ್ಟಿತು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ, ಮಾಜಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್, ಕಾರ್ಮಿಕ ಮುಖಂಡ ಗಾಂಪರ್ಸ್, ಲೇಖಕ ಮಾರ್ಕ್ ಟ್ವೇನ್, ಬಡವರ ಮನೆಗಳ ಮಧ್ಯೆ ಕೆಲಸ ಮಾಡುತ್ತಿದ್ದ ಜೇನ್ ಆಡಮ್ಸ್ ಎಲ್ಲರೂ ಈ ಕಡೆ. ಆದರೆ ಅವರ ಕಾರಣಗಳು ಒಂದೇ ಆಗಿರಲಿಲ್ಲ. ಸ್ವಾತಂತ್ರ್ಯದ ತತ್ವಕ್ಕೆ ನಿಂತವರು ಕೆಲವರು. ಈ ಕಂದು ಬಣ್ಣದ ಜನ ನಾಳೆ ನಮ್ಮ ದೇಶದ ಪ್ರಜೆಗಳಾಗಿಬಿಟ್ಟರೆ ಅನ್ನುವ ಭಯಕ್ಕೆ ನಿಂತವರೂ ಇದ್ದರು, ಕೂಲಿ ಕಡಿಮೆಯಾಗುತ್ತದೆ ಅಂತ ಹೆದರಿದವರೂ ಇದ್ದರು. ಆ ಕಡೆ ಬೆವರಿಜ್ ಅನ್ನುವ ಯುವ ಸೆನೆಟರ್, ಈ ಜನಕ್ಕೆ ತಮ್ಮನ್ನು ತಾವು ಆಳಿಕೊಳ್ಳಲು ಬರುವುದಿಲ್ಲ, ದೇವರೇ ನಮಗೆ ಈ ಕೆಲಸ ವಹಿಸಿದ್ದಾನೆ ಅಂತ ಸೆನೆಟ್‌ನಲ್ಲಿ ಭಾಷಣ ಮಾಡಿದ. ಬ್ರಯನ್ ಅನ್ನುವ ನಾಯಕ, ಮೊದಲು ಒಪ್ಪಂದ ಆಗಲಿ, ಆಮೇಲೆ ಸ್ವಾತಂತ್ರ್ಯ ಕೊಡೋಣ ಅಂತ ತನ್ನವರಿಗೆ ಹೇಳಿದ. 1900ರ ಚುನಾವಣೆಯಲ್ಲಿ ಆತ ಸೋತ. ಎರಡೂ ಕಡೆಯ ಭಾಷಣಗಳನ್ನು ಓದುವಾಗ ನನಗೆ ಎದೆ ಭಾರವಾಗುವುದು ಒಂದೇ ಕಾರಣಕ್ಕೆ. ಅಷ್ಟೆಲ್ಲ ಮಾತಿನ ಮಧ್ಯೆ ಅಗೊನ್ಸಿಯೊ ಅವರಿಗೆ ಒಂದು ಕುರ್ಚಿ ಇರಲಿಲ್ಲ.

ನಾಲ್ಕನೇ ದಿನ: ತಕ್ಲೊಬಾನ್

ಬಾಲಂಗಿಗಾಕ್ಕೆ ಹೋಗಲು ಮೊದಲು ಇಲ್ಲಿ ಇಳಿದೆವು. ಮನಿಲಾದಿಂದ ವಿಮಾನದಲ್ಲಿ ಒಂದೂಕಾಲು ಗಂಟೆ. ಮನಿಲಾದಲ್ಲಿ ಒಣ ಬಿಸಿಲು, ಇಲ್ಲಿ ಇಳಿಯುವಾಗಲೇ ಜಡಿಮಳೆ. ಈ ಪೂರ್ವದ ದ್ವೀಪಗಳಿಗೆ ಫೆಬ್ರವರಿ ಇನ್ನೂ ಮಳೆಗಾಲವೇ. ಪುಸ್ತಕ, ಫೋನು, ಪಾಸ್‌ಪೋರ್ಟ್ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳದೆ ಟಿಪ್ಪಣಿ ಪುಸ್ತಕದ ಇಂಕೆಲ್ಲ ಹರಡಿಹೋಯಿತು, ಕಾವಿತ್‌ನ ಕಾವಲಿನವರು ಹೇಳಿದ ಎಷ್ಟೋ ಮಾತುಗಳು ಅದರ ಜೊತೆ ಹೋದವು.

2013ರ ನವೆಂಬರ್ 8ರ ಚಂಡಮಾರುತದಲ್ಲಿ ಮುಳುಗಿದ್ದ ಊರು ಇದು. ಈಗ ಅಂಗಡಿ, ಟ್ರೈಸಿಕಲ್ ಗದ್ದಲ. ಸಂಜೆ ಬಿನಾಗೋಲ್ ತಿಂದೆವು: ಕೆಸುವಿನ ಗೆಡ್ಡೆ, ತೆಂಗಿನ ಹಾಲು, ಸಕ್ಕರೆ ಕಲಸಿ ತೆಂಗಿನ ಚಿಪ್ಪಿನಲ್ಲಿ ತುಂಬಿ ಬಾಳೆ ಎಲೆ ಕಟ್ಟಿ ಬೇಯಿಸಿದ್ದು. ನಮ್ಮ ಕರಾವಳಿಯವರಿಗೆ ಒಂದೇ ತುತ್ತಿಗೆ ಗುರುತು ಸಿಗುವ ರುಚಿ.

ಐದನೇ ದಿನ: ಬಾಲಂಗಿಗಾ

ಬೆಳಿಗ್ಗೆ ವ್ಯಾನ್. ಎರಡು ಕಿಲೋಮೀಟರ್‌ಗೂ ಉದ್ದದ ಸ್ಯಾನ್ ಹುವಾನಿಕೊ ಸೇತುವೆ ದಾಟಿದರೆ ಸಾಮಾರ್ ದ್ವೀಪ. ಬಾಸೇಯ್‌ನಲ್ಲಿ ರಸ್ತೆ ಬದಿ ಬಣ್ಣಬಣ್ಣದ ಚಾಪೆಗಳು. ಮರಾಬುತ್ ಹತ್ತಿರ ಸಮುದ್ರದ ಮಧ್ಯೆ ಕರಿಬಂಡೆಗಳ ಪುಟ್ಟ ದ್ವೀಪಗಳು, ನೆತ್ತಿಯ ಮೇಲೆ ಕಾಡು. ಅಲ್ಲೇ ಟೈರ್ ಪಂಕ್ಚರ್. ಮಳೆ ಸುರಿಯುತ್ತಿತ್ತು. ಹದಿನಾಲ್ಕು ಜನ ಒಂದು ಕಿರಾಣಿ ಅಂಗಡಿಯ ಸೂರಿನ ಕೆಳಗೆ ನಿಂತೆವು, ಮುಕ್ಕಾಲು ಗಂಟೆ.

ಪಕ್ಕದಲ್ಲಿ ನಿಂತಿದ್ದವರು ಬಾಲಂಗಿಗಾದವರೇ, ನಿವೃತ್ತ ಶಾಲಾ ಶಿಕ್ಷಕಿ. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದರು. ಅದನ್ನು ಹೇಳಿದೆ. "ಅಮೆರಿಕದವರು ಕೊಟ್ಟದ್ದು" ಅಂದರು. ಅವರ ಮುತ್ತಜ್ಜಿ ಅಮೆರಿಕದ ಮೇಷ್ಟರ ಹತ್ತಿರ ಕಲಿತವರಂತೆ, ಆ ಪಾಠಗಳಲ್ಲಿ ಸೇಬು, ಹಿಮ ಎಲ್ಲ ಇತ್ತಂತೆ, ಎರಡನ್ನೂ ಮುತ್ತಜ್ಜಿ ಸಾಯುವವರೆಗೂ ನೋಡಲಿಲ್ಲ. 1901ರ ಆಗಸ್ಟ್‌ನಲ್ಲಿ 'ಥಾಮಸ್' ಅನ್ನುವ ಹಡಗಿನಲ್ಲಿ ಸುಮಾರು ಐನೂರು ಜನ ಶಿಕ್ಷಕರು ಮನಿಲಾಕ್ಕೆ ಬಂದಿಳಿದರು. ಅದಾಗಿ ಎರಡೇ ತಿಂಗಳಿಗೆ ಇನ್ನೊಬ್ಬ ಅಮೆರಿಕದವನು ಇದೇ ಸಾಮಾರ್ ದ್ವೀಪವನ್ನು ಸುಟ್ಟು ಬರಿದು ಮಾಡಿ ಅಂತ ಆಜ್ಞೆ ಕೊಟ್ಟ. "ಎರಡೂ ಒಂದೇ ವರ್ಷ. ನಾನು ಮಕ್ಕಳಿಗೆ ಎರಡನ್ನೂ ಒಟ್ಟಿಗೇ ಹೇಳುತ್ತಿದ್ದೆ" ಅಂದರು.

ಬಾಲಂಗಿಗಾ ಸಣ್ಣ ಊರು. ಒಂದು ಕಡೆ ಸಮುದ್ರ, ನಡುವೆ ಮೈದಾನ, ಚರ್ಚು. ಎದುರಿಗೇ ಆ ಬೆಳಿಗ್ಗೆಯ ದಾಳಿಯ ಮೂರ್ತಿಗಳು, ಕತ್ತಿ ಎತ್ತಿದವರು, ಊಟದ ಮೇಜಿನಿಂದ ಎದ್ದ ಸಿಪಾಯಿಗಳು. ಮಳೆಯಲ್ಲಿ ಅವೆಲ್ಲ ಹೊಳೆಯುತ್ತಿದ್ದವು. ಶಿಕ್ಷಕಿ ನಮ್ಮನ್ನು ಬಿಟ್ಟು ಹೋಗಲಿಲ್ಲ. ಛತ್ರಿ ಹಿಡಿದುಕೊಂಡೇ ಹೇಳಿದರು.

1901ರ ಆಗಸ್ಟ್‌ನಲ್ಲಿ ಅಮೆರಿಕದ ಒಂಬತ್ತನೇ ಪದಾತಿದಳದ ಒಂದು ತುಕಡಿ, 74 ಜನ, ಇಲ್ಲಿ ಬಂದು ನೆಲೆಸಿತು. ಮೊದಮೊದಲು ಊರವರ ಜೊತೆ ಹೊಂದಿಕೊಂಡೇ ಇದ್ದರು. ಆಮೇಲೆ ಊರು ಸ್ವಚ್ಛ ಮಾಡಿ ಅಂತ ಗಂಡಸರನ್ನೆಲ್ಲ ಹಿಡಿದು ಇಕ್ಕಟ್ಟಾದ ಡೇರೆಗಳಲ್ಲಿ ರಾತ್ರಿಯಿಡೀ ಕೂಡಿಹಾಕಿದರು, ಕತ್ತಿಗಳನ್ನು ಕಿತ್ತುಕೊಂಡರು, ಕೂಡಿಟ್ಟ ಅಕ್ಕಿಯನ್ನೂ ವಶ ಮಾಡಿಕೊಂಡರು. ಸೆಪ್ಟೆಂಬರ್ 28ರ ಬೆಳಿಗ್ಗೆ ಸಿಪಾಯಿಗಳು ತಿಂಡಿಗೆ ಕೂತಿದ್ದಾಗ ಊರಿನ ಪೊಲೀಸ್ ಮುಖ್ಯಸ್ಥ ಅಬಾನಾದೊರ್ ಮೊದಲ ಏಟು ಹಾಕಿದ. ಚರ್ಚಿನ ಗಂಟೆ ಬಾರಿಸಿತು. ಹೆಂಗಸರ ಬಟ್ಟೆ ತೊಟ್ಟು ಹಿಂದಿನ ರಾತ್ರಿಯೇ ಚರ್ಚಿನೊಳಗೆ ಸೇರಿದ್ದ ಗಂಡಸರು ಹೊರಗೆ ನುಗ್ಗಿದರು. 48 ಅಮೆರಿಕನ್ನರು ಸತ್ತರು. ಊರವರೂ ಸತ್ತರು.

ಆಮೇಲೆ ಬಂದವನು ಜನರಲ್ ಜೇಕಬ್ ಸ್ಮಿತ್. ಆಯುಧ ಹಿಡಿಯಬಲ್ಲ ಎಲ್ಲರನ್ನೂ ಕೊಲ್ಲಿ ಅಂದ. ಎಷ್ಟು ವಯಸ್ಸಿನಿಂದ ಅಂತ ಕೇಳಿದ್ದಕ್ಕೆ ಹತ್ತು ವರ್ಷ ಅಂದ. ಹತ್ತು ವರ್ಷ. ಶಿಕ್ಷಕಿ ಅದನ್ನು ಹೇಳುವಾಗ ಮೈದಾನದಲ್ಲಿ ನಿಂತ ನೀರಿನಲ್ಲಿ ಕುಣಿಯುತ್ತಿದ್ದ ಮಕ್ಕಳ ಕಡೆ ಕೈ ತೋರಿಸಿದರು, ಏನೂ ಹೇಳಲಿಲ್ಲ. ಊರಿಗೆ ಬೆಂಕಿ ಬಿತ್ತು. ಚರ್ಚಿನ ಮೂರು ಗಂಟೆಗಳನ್ನು ಸೈನ್ಯ ಹೊತ್ತೊಯ್ದಿತು. ಸ್ಮಿತ್‌ನ ಆಜ್ಞೆ 1902ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದಾಗ ಅಲ್ಲಿನ ಜನರೂ ಬೆಚ್ಚಿಬಿದ್ದರು. ಸೆನೆಟ್ ಸಮಿತಿಯ ಮುಂದೆ ಸಿಪಾಯಿಗಳು ಬಂದು, ಬಾಯಿಗೆ ನೀರು ಸುರಿದು ಹಿಂಸೆ ಕೊಡುತ್ತಿದ್ದೆವು ಅಂತ ಹೇಳಿದರು. ಸೈನಿಕ ನ್ಯಾಯಾಲಯ ಸ್ಮಿತ್‌ಗೆ ಬುದ್ಧಿ ಹೇಳಿ ಬಿಟ್ಟಿತು, ಅಧ್ಯಕ್ಷ ರೂಸ್‌ವೆಲ್ಟ್ ಅವನನ್ನು ನಿವೃತ್ತಿ ಮಾಡಿ ಕಳಿಸಿದ. 1902ರ ಜುಲೈ 4ಕ್ಕೆ ಯುದ್ಧ ಮುಗಿಯಿತು ಅಂತ ಸಾರಿದರು. ಸುಮಾರು 4,200 ಅಮೆರಿಕನ್ನರು, 20,000ಕ್ಕೂ ಹೆಚ್ಚು ಫಿಲಿಪಿನೋ ಹೋರಾಟಗಾರರು ಸತ್ತಿದ್ದರು. ಗುಂಡು, ಹಸಿವು, ಕಾಲರಾ ಎಲ್ಲ ಸೇರಿ ಸತ್ತ ಸಾಮಾನ್ಯ ಜನ ಎರಡು ಲಕ್ಷದಷ್ಟು.

ಗಂಟೆಗಳಲ್ಲಿ ಎರಡು ವ್ಯೋಮಿಂಗ್ ರಾಜ್ಯದ ಸೈನಿಕ ನೆಲೆಯಲ್ಲಿ ಇದ್ದವು, ಮೂರನೆಯದು ದಕ್ಷಿಣ ಕೊರಿಯಾದಲ್ಲಿದ್ದ ಅಮೆರಿಕದ ಪಡೆಯ ಹತ್ತಿರ. ಊರವರು, ಪಾದ್ರಿಗಳು, ಫಿಲಿಪೀನ್ಸ್‌ನ ಅಧ್ಯಕ್ಷರು ಗಂಟೆಗಳನ್ನು ವಾಪಸ್ ಕೊಡಿ ಅಂತ ದಶಕಗಳ ಕಾಲ ಕೇಳಿದರು. ಅಮೆರಿಕದ ಕೆಲವು ಮಾಜಿ ಸೈನಿಕರು ಕೊಡಬಾರದು ಅಂದರು, ಕೆಲವರು ಕೊಡಬೇಕು ಅಂತ ಇವರ ಜೊತೆ ನಿಂತರು. 2018ರ ಡಿಸೆಂಬರ್ 15ಕ್ಕೆ ಮೂರೂ ಗಂಟೆ ಈ ಊರಿಗೆ ವಾಪಸ್ ಬಂದವು, 117 ವರ್ಷದ ಮೇಲೆ. ಆ ದಿನ ಶಿಕ್ಷಕಿ ಇದೇ ಮೈದಾನದಲ್ಲಿ ಇದ್ದರು. ಹಸಿರುಗಟ್ಟಿದ ಗಂಟೆಗಳ ಮುಂದೆ ಬಹಳ ಹೊತ್ತು ನಿಂತೆ. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವು.

ಇಷ್ಟರಲ್ಲಿ ವಾಪಸ್ ಹೋಗುವ ಕೊನೆಯ ವ್ಯಾನ್ ತಪ್ಪಿತ್ತು. ಮಧ್ಯಾಹ್ನ ಮೂರರ ಮೇಲೆ ನಂಬಿಕೊಂಡು ಕೂರಬೇಡಿ. ಶಿಕ್ಷಕಿ ತಮ್ಮ ಪರಿಚಯದವರ ಮನೆಯಲ್ಲಿ ಒಂದು ಕೋಣೆ ಕೊಡಿಸಿದರು. ರಾತ್ರಿ ಅನ್ನ, ಹುಣಸೆ ಹುಳಿಯ ಸೊಪ್ಪಿನ ಸಾರು. ಹಂದಿಮಾಂಸ ಬೇಡ ಅಂದಿದ್ದಕ್ಕೆ ನನಗಾಗಿ ಬೇರೆ ಪಾತ್ರೆಯಲ್ಲೇ ಮಾಡಿದ್ದರು.

ಆರನೇ ದಿನ

ಬೆಳಿಗ್ಗೆ ಮಳೆ ನಿಂತಿತ್ತು. ವ್ಯಾನಿಗೆ ಕಾಯುವಾಗ ಶಿಕ್ಷಕಿ ಬಾಳೆ ಎಲೆಯಲ್ಲಿ ಸುತ್ತಿದ ಸುಮಾನ್ ಅನ್ನುವ ಅಂಟಕ್ಕಿಯ ತಿಂಡಿ ತಂದುಕೊಟ್ಟರು. ನಿಮ್ಮ ಕಡೆಯಿಂದಲೂ ಹೀಗೆ ಏನಾದರೂ ಒಯ್ದಿದ್ದಾರಾ ಅಂತ ಕೇಳಿದರು. ಶ್ರೀರಂಗಪಟ್ಟಣದ ಕಥೆ ಹೇಳಿದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷ್ ಸೈನ್ಯ ಅರಮನೆ ದೋಚಿದ್ದು, ಸಿಪಾಯಿಯ ಮೇಲೆ ಎರಗಿದ ಮರದ ಹುಲಿಯನ್ನು ಒಯ್ದದ್ದು, ಅದು ಈಗಲೂ ಲಂಡನ್ನಿನ ಮ್ಯೂಸಿಯಂನಲ್ಲಿ ಗಾಜಿನೊಳಗೆ ಇರುವುದು. ಅವರು ಬೆರಳು ಮಡಚಿ ವರ್ಷ ಲೆಕ್ಕ ಹಾಕಿದರು. ಇನ್ನೂರು ದಾಟಿತು.

"ಯಾರಾದರೂ ಕಾಗದ ಬರೆಯುತ್ತಿದ್ದೀರಾ?" ಅಂತ ಕೇಳಿದರು. "ನಾವು ಬರೆಯುತ್ತಲೇ ಇದ್ದೆವು."

ವ್ಯಾನ್ ಬಂತು. ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ.